‘ಓಲ್ಡ್ ಮ್ಯಾನ್ ಅಂಡ್ ದಿ ಸೀ’ ಕಿರುಚಿತ್ರದ 29,000 ಪೇಂಟಿಂಗ್‌ಗಳು ಈಗ ಎಲ್ಲಿವೆ?

ಅಮೆರಿಕದ ಲೇಖಕ ಹೆಮಿಂಗ್ವೇ ಬರೆದ, ದೊಡ್ಡ ಮೀನೊಂದನ್ನು ಹಿಡಿಯೋ ಮುದಿ ಬೆಸ್ತನ ಕಥೆ ಇಟ್ಟುಕೊಂಡು 1999ರಲ್ಲಿ ಮಾಡಿದ ಈ ಅನಿಮೇಷನ್ ಚಿತ್ರಕ್ಕೆ ಬರೆದ ಪೇಂಟಿಂಗ್‌ಗಳು ಯಾವ ಮ್ಯೂಸಿಯಮ್ಮಿನಲ್ಲಿವೆ, ಹೋಗಿ ನೋಡಬಹುದಾ ಅಂತ ಕೇಳಿದ್ದೀರಿ. ನೋಡೋಕೆ ಅವು ಇದ್ದರೆ ತಾನೆ! ಬರೆದವರೇ ಅಳಿಸಿಬಿಟ್ಟಿದ್ದಾರೆ.

ಬರೆದವರು ರಷ್ಯಾದ ಅಲೆಕ್ಸಾಂಡರ್ ಪೆಟ್ರೋವ್. ಅವರದ್ದು ಗಾಜಿನ ಮೇಲೆ ಎಣ್ಣೆಬಣ್ಣದ ಕೆಲಸ. ನಮ್ಮ ಹಳೇ ಮನೆಗಳಲ್ಲಿ ಗಾಜಿನ ಮೇಲೆ ಬರೆದ ದೇವರ ಪಟಗಳು ಇರುತ್ತವಲ್ಲ, ಅಲ್ಲಿ ಬಣ್ಣ ಒಣಗಿದರೇನೇ ಪಟ. ಇಲ್ಲಿ ಒಣಗಿದರೆ ಕೆಲಸ ಕೆಟ್ಟಿತು. ಅದಕ್ಕೇ ನಿಧಾನವಾಗಿ ಒಣಗುವ ಬಣ್ಣ. ಒಂದು ಚಿತ್ರ ಬರೆಯೋದು, ಮೇಲಿಂದ ಕ್ಯಾಮೆರಾದಲ್ಲಿ ಒಂದು ಫ್ರೇಮ್ ತೆಗೆಯೋದು, ಹಸಿ ಬಣ್ಣವನ್ನೇ ಚೂರು ಸರಿಸಿ ಮುಂದಿನ ಫ್ರೇಮ್. ಹೊಸದು ಹುಟ್ಟಿದಾಗ ಹಳೆಯದು ಹೋಯಿತು. ಉಳಿಯೋದಿದ್ದರೆ ಒಂದು ಶಾಟಿನ ಕೊನೆಯ ಚಿತ್ರ ಮಾತ್ರ.

ಬ್ರಷ್ ಕಡಿಮೆ, ಬೆರಳ ತುದಿಯೇ ಜಾಸ್ತಿ. ಸೂಕ್ಷ್ಮ ಕೆಲಸಕ್ಕೆ ಮಾತ್ರ ಬ್ರಷ್. ಒಂದರ ಮೇಲೊಂದು ಗಾಜು: ಒಂದರಲ್ಲಿ ಮುದುಕ, ಇನ್ನೊಂದರಲ್ಲಿ ಹಿನ್ನೆಲೆ.

29,000 ಅನ್ನೋ ಲೆಕ್ಕ ನನಗೂ ಮೊದಲು ಉತ್ಪ್ರೇಕ್ಷೆ ಅನಿಸಿತ್ತು. ಸುಮಾರು 20 ನಿಮಿಷದ ಚಿತ್ರ, ಸೆಕೆಂಡಿಗೆ 24 ಫ್ರೇಮ್. ಗುಣಿಸಿದರೆ 28,800. ಸರಿಹೋಯಿತಲ್ವಾ?

ಒಮ್ಮೆ ನಾನೂ ಕಿಟಕಿ ಗಾಜಿನ ತುಂಡೊಂದರ ಮೇಲೆ ಮೀನು ಈಜಿಸೋಕೆ ಹೋದೆ. ಹನ್ನೆರಡನೇ ಫ್ರೇಮಿಗೆ ಮೀನು ಬದನೆಕಾಯಿ ಆಗಿತ್ತು. ಇಡೀ ಭಾನುವಾರ ಕೂತು ಅರ್ಧ ಸೆಕೆಂಡಿನ ಸಿನಿಮಾ! ಪೆಟ್ರೋವ್‌ಗೆ ಎರಡು ವರ್ಷಕ್ಕೂ ಜಾಸ್ತಿ ಹಿಡಿಯಿತು. ಕೆನಡಾದ ಮಾಂಟ್ರಿಯಲ್‌ನಲ್ಲಿ, ಮಗ ಡಿಮಿಟ್ರಿಯ ಸಹಾಯದೊಂದಿಗೆ.

ಅಷ್ಟು ಸಾಲದು ಅಂತ ಇದು ಐಮ್ಯಾಕ್ಸ್ ಚಿತ್ರ ಬೇರೆ. ಐಮ್ಯಾಕ್ಸ್‌ಗೆ ಬಂದ ಮೊದಲ ಅನಿಮೇಷನ್ ಇದೇ. ಪರದೆ ಅಷ್ಟು ದೊಡ್ಡದಾದರೆ ಸಣ್ಣ ಧೂಳೂ ಕಲ್ಲಿನಷ್ಟು ಕಾಣುತ್ತೆ. ಮಾಮೂಲಿ ಎ4 ಅಳತೆ ಸಾಲದೆ ಅದರ ನಾಲ್ಕು ಪಟ್ಟು ದೊಡ್ಡ ಗಾಜು ಬಳಸಿದರು. ಕ್ಯಾಮೆರಾ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಅದನ್ನು ಕಂಪ್ಯೂಟರ್ ಹಿಡಿತದ ಸ್ಟ್ಯಾಂಡಿಗೆ ಕೂರಿಸಿದರು. 2000ದಲ್ಲಿ ಆಸ್ಕರ್ ಬಂತು, ಅದು ನಿಮಗೂ ಗೊತ್ತಿರುತ್ತೆ.

ಪ್ರಶಸ್ತಿಗಿಂತ ನನಗೆ ಇಷ್ಟವಾಗೋದು ಒಂದು ಕನಸಿನ ದೃಶ್ಯ. ಪುಸ್ತಕದಲ್ಲಿ ಮುದುಕ ಮೀನನ್ನು ಒಡಹುಟ್ಟಿದವನು ಅಂತ ಕರೀತಾನೆ, ಬರೀ ಮಾತು. ಪೆಟ್ರೋವ್ ಇಬ್ಬರನ್ನೂ ಜೊತೆಯಾಗಿ ಈಜಿಸುತ್ತಾರೆ, ಕಡಲಲ್ಲೂ ಆಕಾಶದಲ್ಲೂ. ಹಸಿ ಬಣ್ಣವಾದ್ದರಿಂದಲೇ ಇದು ಸಾಧ್ಯ ಅಂತ ನನ್ನ ಅನಿಸಿಕೆ. ನೀರು ಎಲ್ಲಿ ಮುಗೀತು, ಆಕಾಶ ಎಲ್ಲಿ ಶುರುವಾಯಿತು ಅಂತ ತೋರಿಸೋ ಗೆರೆಯೇ ಅಲ್ಲಿ ಬೇಕಾಗಿಲ್ಲ.

ಪೇಂಟಿಂಗ್ ನೋಡಲೇಬೇಕು ಅಂತಿದ್ದರೆ ಚಿತ್ರ ಹಾಕಿಕೊಂಡು ಎಲ್ಲಾದರೂ ಪಾಜ್ ಒತ್ತಿ. ಅಲೆಗಳು ಬಂದಲ್ಲಿ ಒತ್ತಿದರೆ ಇನ್ನೂ ಒಳ್ಳೆಯದು, ಬೆರಳು ಎಳೆದ ಗುರುತು ಸಿಗುತ್ತೆ.