ಆಪರೇಷನ್ ಹೊತ್ತಿನಲ್ಲಿ ಅಮ್ಮನನ್ನು ಬೆಚ್ಚಗಿಡುವುದು ಹೇಗೆ?

ಮುಂಬೈ ಪಕ್ಕದ ಠಾಣೆ ಊರಿನಲ್ಲಿ ನಿಮ್ಮ ಅಮ್ಮನಿಗೆ ಸೊಂಟದ ಕೀಲು ಬದಲಿಸುತ್ತಾರೆ, ವಯಸ್ಸು 70 ದಾಟಿದೆ, ಹಿಂದೊಮ್ಮೆ ಆಪರೇಷನ್ ಆದಮೇಲೆ ಗಡಗಡ ನಡುಗಿದ್ದರು ಅಂತ ಬರೆದಿದ್ದೀರಿ. ಎಸಿ ಕಡಿಮೆ ಮಾಡಿ ಅನ್ನಬಹುದಾ, ಮನೆಯಿಂದ ಬಿಸಿನೀರಿನ ಬ್ಯಾಗ್ ಕಳಿಸಬಹುದಾ ಅಂತ ಕೇಳಿದ್ದೀರಿ.

ನಾನು ಮುಂಬೈಯ ಒಂದು ಆಸ್ಪತ್ರೆಯ ಒಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ನರ್ಸ್. ಬಿಸಿನೀರಿನ ಬ್ಯಾಗ್ ಮಾತ್ರ ಬೇಡವೇ ಬೇಡ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಸೊಂಟದಿಂದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಕಾಲು ಸುಡುತ್ತಿದ್ದರೂ ಅಮ್ಮ ಸುಮ್ನೆ ಮಲಗಿರುತ್ತಾರೆ. ಬೊಬ್ಬೆ ಎದ್ದ ಮೇಲೆಯೇ ನಮ್ಮ ಕಣ್ಣಿಗೆ ಬೀಳುವುದು.

ಇನ್ನು ಎಸಿ. ಕೀಲು ಬದಲಿಸುವ ಒಟಿಯನ್ನು ತಣ್ಣಗೇ ಇಡುತ್ತಾರೆ, ನಿಮ್ಮ ಮಾತಿಗೆ ಅದನ್ನು ಬದಲಿಸುವುದು ಕಷ್ಟ. ಆದರೆ ತಪ್ಪೆಲ್ಲ ಎಸಿಯದ್ದಲ್ಲ. ನಮ್ಮ ಎದೆ, ಹೊಟ್ಟೆ, ತಲೆಯೊಳಗೆ ಸುಮಾರು 37 ಡಿಗ್ರಿ ಶಾಖ ಇರುತ್ತದೆ. ಕೈಕಾಲು ಅದಕ್ಕಿಂತ ತಣ್ಣಗೆ. ಚಳಿಯಾದರೆ ಚರ್ಮದ ರಕ್ತನಾಳಗಳು ಬಿಗಿದುಕೊಂಡು ಒಳಗಿನ ಶಾಖವನ್ನು ಒಳಗೇ ಹಿಡಿಯುತ್ತವೆ. ಅನಸ್ತೇಶಿಯಾ (ಅರಿವಳಿಕೆ) ಕೊಟ್ಟ ಕೂಡಲೇ ಈ ಹಿಡಿತ ಸಡಿಲ. ಒಳಗಿನ ಬಿಸಿ ಕೈಕಾಲಿಗೆ ಹರಿದುಹೋಗುತ್ತದೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಲಗಿಸಿದರೆ ಮೊದಲ ಒಂದು ಗಂಟೆಯಲ್ಲೇ 1ರಿಂದ 1.5 ಡಿಗ್ರಿ ಇಳಿಯಬಹುದು. ಬೆನ್ನಿಗೆ ಕೊಟ್ಟರೂ ಇಳಿಯುತ್ತದೆ. ಇಲ್ಲೊಂದು ತಮಾಷೆ ಇದೆ: ಕಾಲು ಬೆಚ್ಚಗಾಗಿ ರೋಗಿಗೆ ಹಾಯೆನಿಸುವ ಹೊತ್ತಿಗೇ ಒಳಗೆ ಶಾಖ ಇಳಿಯುತ್ತಿರುತ್ತದೆ. ಅದಕ್ಕೇ 'ಚಳಿ ಆಗ್ತಿದ್ಯಾ ಅಜ್ಜಿ' ಅಂತ ಕೇಳಿದರೆ ಸಾಲದು, ಅಳೆಯಲೇಬೇಕು. 36ಕ್ಕಿಂತ ಕೆಳಗೆ ಹೋಗಬಾರದು.

ನಡುಕ ಒಂದೇ ಆದರೆ ಸಹಿಸಬಹುದಿತ್ತು. ಮೈ ತಣ್ಣಗಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಗಾಯಕ್ಕೆ ರಕ್ತ ಕಡಿಮೆ ಹೋಗುತ್ತದೆ. 1996ರಲ್ಲಿ ದೊಡ್ಡ ಕರುಳಿನ ಆಪರೇಷನ್ ಆದ 200 ಜನರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ತಣ್ಣಗಾದವರಲ್ಲಿ ಶೇ 19 ಮಂದಿಗೆ ಗಾಯ ಸೋಂಕಾಯಿತು, ಬೆಚ್ಚಗಿಟ್ಟವರಲ್ಲಿ ಶೇ 6. ಹಾಗಂತ ಅರ್ಧ ಡಿಗ್ರಿಗೆಲ್ಲ ಗಾಬರಿ ಬೇಡ. 2022ರಲ್ಲಿ 5,000ಕ್ಕೂ ಹೆಚ್ಚು ಜನರಲ್ಲಿ 35.5 ಮತ್ತು 37 ಡಿಗ್ರಿಯನ್ನು ಹೋಲಿಸಿ ನೋಡಿದಾಗ ಹೃದಯದ ತೊಂದರೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ಒಟಿಯೊಳಗೆ ಬಳಸುವುದು ಬಿಸಿಗಾಳಿಯ ಹೊದಿಕೆ. ನೋಡಲು ಕಾಗದದ ಹಾಗೆ ತೆಳ್ಳಗೆ. ಪೈಪ್ ಸಿಕ್ಕಿಸಿ ಮೆಷಿನ್ ಹಾಕಿದರೆ ಉಬ್ಬಿಕೊಂಡು, ಅಡಿಯಲ್ಲಿರುವ ಸಣ್ಣ ತೂತುಗಳಿಂದ ಮೈಮೇಲೆ ಬಿಸಿಗಾಳಿ ಬಿಡುತ್ತದೆ. ಸೊಂಟದ ಆಪರೇಷನ್ ಆದ್ದರಿಂದ ಎದೆ, ಕೈಗಳ ಮೇಲೆ ಹಾಕುತ್ತಾರೆ. ಹೊದಿಕೆಗೆ ದುಡ್ಡು ಖರ್ಚು ಅಂತ ಕೆಲವು ಕಡೆ ಪೈಪನ್ನೇ ಬೆಡ್‌ಶೀಟ್ ಕೆಳಗೆ ತೂರಿಸಿಬಿಡುತ್ತಾರೆ. ಅದು ತಪ್ಪು, ಚರ್ಮ ಸುಡುತ್ತದೆ. ಬಿಲ್ಲಿನಲ್ಲಿ ಹೊದಿಕೆಗೆ ಬೇರೆ ಹಾಕಿದರೆ ದಯವಿಟ್ಟು ಚೌಕಾಸಿ ಮಾಡಬೇಡಿ. ಡ್ರಿಪ್ ಕೂಡ ಬೆಚ್ಚಗಿರಬೇಕು. ರೂಮಿನ ತಣ್ಣನೆ ಸಲೈನ್ ಒಂದು ಲೀಟರ್ ಹೋದರೆ ದೊಡ್ಡವರ ಮೈಯಲ್ಲಿ ಸುಮಾರು ಕಾಲು ಡಿಗ್ರಿ ಇಳಿಯುತ್ತದೆ.

ನಿಮ್ಮ ಕೈಯಲ್ಲಿರುವುದು ಒಟಿಗೆ ಹೋಗುವ ಮುಂಚಿನ ಹೊತ್ತು. ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಅದೇ, ಜಾಸ್ತಿ ನಿರ್ಲಕ್ಷ್ಯ ಆಗುವುದೂ ಅಲ್ಲೇ. ಕೈಕಾಲು ಮೊದಲೇ ಬೆಚ್ಚಗಿದ್ದರೆ ಒಳಗಿನ ಶಾಖ ಅಷ್ಟು ಹರಿದುಹೋಗುವುದಿಲ್ಲ ಅಲ್ವಾ? ಆದರೆ ನಡೆಯುವುದೇನು? ಹೊರಗೆ ಮುಂಬೈ ಬೆವರು, ಒಳಗೆ ಎಸಿ ಕಾರಿಡಾರ್. ಬೆಳಿಗ್ಗೆ ಸ್ನಾನ ಮಾಡಿಸಿದ ಒದ್ದೆ ತಲೆ, ತೆಳು ಗೌನು, ಸ್ಟ್ರೆಚರ್ ಮೇಲೆ ಸರದಿಗಾಗಿ ಕಾಯುವ ಅಜ್ಜಿ. ಅಜ್ಜಿ ಮರಾಠಿಯಲ್ಲಿ 'ಥಂಡಿ ವಾಜತೆ' (ಚಳಿ ಆಗ್ತಿದೆ) ಅಂದರೆ 'ಇನ್ನೇನು ಆಯ್ತು' ಅನ್ನುವ ವಾರ್ಡ್‌ಬಾಯ್. ತಲೆ ಪೂರ್ತಿ ಒಣಗಿಸಿ ಕಳಿಸಿ. ಕಾಲಿಗೆ ಸಾಕ್ಸ್, ಮೇಲೊಂದು ದಪ್ಪ ಸೋಲಾಪುರ ಚಾದರ್. ಒಟಿ ಬಾಗಿಲಲ್ಲಿ ನಾವೇ ತೆಗೆದು ವಾಪಸ್ ಕೊಡುತ್ತೇವೆ. ಬಿಸಿಗಾಳಿಯ ಹೊದಿಕೆಯನ್ನು ಅನಸ್ತೇಶಿಯಾಕ್ಕೆ ಅರ್ಧ ಗಂಟೆ ಮುಂಚೆಯೇ ಹಾಕಲು ಆಗುತ್ತದಾ ಅಂತಲೂ ಕೇಳಿ. ಹತ್ತು ನಿಮಿಷ ಸಿಕ್ಕರೂ ಲಾಭವೇ.

ಇದನ್ನೆಲ್ಲ ಸರ್ಜನ್‌ಗಲ್ಲ, ಚೆಕಪ್‌ಗೆ ಬರುವ ಅನಸ್ತೇಶಿಯಾ ಡಾಕ್ಟರಿಗೆ ಕೇಳಿ. ಹೋದ ಸಲ ನಡುಗಿದ್ದನ್ನೂ, ಥೈರಾಯ್ಡ್ ಇದ್ದರೆ ಅದನ್ನೂ ಹೇಳಿ. ಆಪರೇಷನ್ ಆದಮೇಲೆ ರಿಕವರಿ ರೂಮಿನಲ್ಲಿ ನಡುಕ ಬಂದರೆ ಸಿಸ್ಟರನ್ನು ಕರೆಯಿರಿ. ನೋವಿಗೂ ನಡುಗುತ್ತಾರೆ, ಎರಡಕ್ಕೂ ಔಷಧಿ ಇದೆ.