ಟಿಕೆಟ್ ಬದಲು ಏನು ತರಲು ಹೇಳಬೇಕು?

ಸಂಗೀತ ಕಾರ್ಯಕ್ರಮಕ್ಕೆ ಟಿಕೆಟ್ ಬದಲು ಮನೆಯಿಲ್ಲದವರಿಗಾಗಿ ಸಾಮಾನು ಪಡೆಯುತ್ತೇವೆ, ಏನು ಕೇಳೋಣ ಅಂದಿದ್ದೀರಿ. ಮೊದಲು ಆಶ್ರಯತಾಣಕ್ಕೆ ಫೋನ್ ಮಾಡಿ, ಅವರು ಕೊಟ್ಟ ಪಟ್ಟಿಯನ್ನೇ ಪೋಸ್ಟರಿಗೆ ಹಾಕಿ. ದಯವಿಟ್ಟು ‘ಹಳೇ ಬಟ್ಟೆ’ ಅಂತಷ್ಟೇ ಬರೆಯಬೇಡಿ. ಗುಂಡಿ ಕಿತ್ತ ಅಂಗಿ, ಒಂಟಿ ಶೂ ಎಲ್ಲ ಬಂದು ಬೀಳುತ್ತವೆ, ವಿಂಗಡಿಸುವ ಕೆಲಸ ಅವರ ತಲೆಗೆ. ಹೊಸ ಕಾಲುಚೀಲ, ಹೊಸ ಒಳಉಡುಪು ಕೇಳಿ. ಬೀದಿಯಲ್ಲಿರುವವರಿಗೆ ಒಗೆದು ಒಣಗಿಸಲು ಜಾಗವೇ ಇರುವುದಿಲ್ಲ. ಒದ್ದೆ ಕಾಲುಚೀಲದಲ್ಲೇ ದಿನವಿಡೀ ನಡೆದರೆ ಬೆರಳ ಸಂದಿಯ ಚರ್ಮ ಬೆಳ್ಳಗೆ ಮೆತ್ತಗಾಗಿ ಸುಲಿಯುತ್ತದೆ, ಹುಣ್ಣಾಗುತ್ತದೆ. ಸ್ಯಾನಿಟರಿ ಪ್ಯಾಡನ್ನು ಹೆಸರು ಹಿಡಿದೇ ಕೇಳಿ, ಜನರಿಗೆ ತಾವಾಗಿ ಹೊಳೆಯುವುದಿಲ್ಲ. ತಿಂಡಿಯಾದರೆ ಒಲೆಯಿಲ್ಲದೆ ತಿನ್ನುವಂಥದ್ದು. ಬರಿಗೈಲಿ ಬಂದವರನ್ನು ಮಾತ್ರ ವಾಪಸ್ ಕಳಿಸಬೇಡಿ, ಬಾಗಿಲಲ್ಲೊಂದು ಹಣದ ಡಬ್ಬಿಯೂ ಇರಲಿ.