ಮಾವನ ಹೆಸರಲ್ಲಿ ಪೂಜೆ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಗಂಡ ಬೀದರಿನ ಮೆಥೋಡಿಸ್ಟ್ (ಪ್ರೊಟೆಸ್ಟೆಂಟ್ ಪಂಗಡ) ಮನೆತನದವರು, ಹೆಂಡತಿ ಕಲಬುರಗಿಯ ಕಥೋಲಿಕರು. ಮಾವ ತೀರಿಕೊಂಡು ವರ್ಷ ತುಂಬಿದಾಗ ಆಕೆ ತಮ್ಮ ಚರ್ಚಿನಲ್ಲಿ ಅವರ ಆತ್ಮಶಾಂತಿಗೆ ಪೂಜೆ (ಫಾದರ್ ನಡೆಸುವ ಬಲಿಪೂಜೆ) ಮಾಡಿಸಿದರು. ಸತ್ತವರಿಗಾಗಿ ಹೀಗೆ ಪೂಜೆ ಮಾಡಿಸುವ ಪದ್ಧತಿ ಗಂಡನ ಕಡೆ ಇಲ್ಲ, ಗಂಡನಿಗೆ ಹೇಳಿಯೂ ಇರಲಿಲ್ಲ. ಅತ್ತೆಯ ಕಿವಿಗೆ ಬಿತ್ತು, ಮನೆಯಲ್ಲಿ ಮಾತು ನಿಂತಿತು.

ಇಬ್ಬರೂ ಬೈಬಲ್ ಹಿಡಿದೇ ಬಂದಿದ್ದರು. ಆಕೆ ಮಕ್ಕಬಿಯರ ಎರಡನೇ ಗ್ರಂಥದ 12ನೇ ಅಧ್ಯಾಯ ತೆರೆದು, ಸತ್ತವರಿಗಾಗಿ ಪ್ರಾರ್ಥಿಸುವ ಸಾಲಿನ ಮೇಲೆ ಬೆರಳಿಟ್ಟರು. ಆತ ತಂದೆಯ ಹಳೆಯ ಸತ್ಯವೇದ ತಿರುವುತ್ತಾ, "ನಮ್ಮದ್ರಾಗ ಈ ಪುಸ್ತಕನೇ ಇಲ್ರಿ ಮೇಡಂ. ಇವ್ರು ಆಮ್ಯಾಲ ಸೇರಿಸ್ಯಾರ" ಎಂದರು. "ಇಲ್ರಿ, ಲೂಥರ್ ಕಿತ್ತು ಹಾಕ್ಯಾನ" ಎಂದು ಆಕೆ, ಪ್ರೊಟೆಸ್ಟೆಂಟ್ ಪಂಥಕ್ಕೆ ಬುನಾದಿ ಹಾಕಿದ ಮಾರ್ಟಿನ್ ಲೂಥರನನ್ನು ಕುರಿತು.

ಎರಡೂ ಪೂರ್ತಿ ಸರಿಯಲ್ಲ. ಕಥೋಲಿಕರ ಹಳೆಯ ಒಡಂಬಡಿಕೆಯಲ್ಲಿ 46 ಪುಸ್ತಕ, ಪ್ರೊಟೆಸ್ಟೆಂಟರದರಲ್ಲಿ 39. ಹೆಚ್ಚಿನ ಏಳನ್ನು, ಮಕ್ಕಬಿಯರ ಎರಡನೇ ಗ್ರಂಥವೂ ಸೇರಿ, 397ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆಯೇ ಪಟ್ಟಿಗೆ ಸೇರಿಸಿಕೊಂಡಿತ್ತು. ಬೈಬಲನ್ನು ಲ್ಯಾಟಿನ್‌ಗೆ ಅನುವಾದಿಸಿದ, ಅದೇ ಕಾಲದ ಸಂತ ಜೆರೋಮರು ಯೆಹೂದ್ಯರ ಹೀಬ್ರೂ ಗ್ರಂಥದಲ್ಲಿ ಇಲ್ಲದವನ್ನು ಬೇರೆಯಾಗಿಯೇ ಎಣಿಸಿದರು. ಲೂಥರ್ 1534ರ ತಮ್ಮ ಬೈಬಲಿನಲ್ಲಿ ಅವನ್ನು ಉಳಿಸಿಕೊಂಡರು, ಆದರೆ ಪ್ರತ್ಯೇಕ ಭಾಗದಲ್ಲಿ, ಓದಲು ಒಳ್ಳೆಯವು ಎಂದು. 1546ರಲ್ಲಿ ಟ್ರೆಂಟಿನಲ್ಲಿ ಸೇರಿದ ಕಥೋಲಿಕ ಬಿಷಪರ ಸಭೆ ಅವೂ ದೇವರ ವಾಕ್ಯವೇ ಎಂದು ಕಡಾಖಂಡಿತವಾಗಿ ಹೇಳಿತು. ಹಾಗೆ ಹೇಳುವ ಅಧಿಕಾರ ಧರ್ಮಸಭೆಗಿದೆ (ಚರ್ಚಿಗಿದೆ) ಎಂದು ಕಥೋಲಿಕರ ನಂಬಿಕೆ. ಧರ್ಮಸಭೆಯೇ ದೇವರ ವಾಕ್ಯದ ಕೆಳಗಿದೆ ಎಂದು ಪ್ರೊಟೆಸ್ಟೆಂಟರದು. ಅದನ್ನು ತೀರ್ಮಾನಿಸುವುದು ಆಪ್ತಸಲಹೆಯ ಕೆಲಸವಲ್ಲ. ಇಷ್ಟು ಹೇಳಿದ್ದು, ಒಬ್ಬರನ್ನೊಬ್ಬರು ಕಳ್ಳರಂತೆ ನೋಡುವುದು ನಿಲ್ಲಲಿ ಎಂದು.

ಆತನಿಗೆ ನಿಜವಾಗಿ ಚುಚ್ಚಿದ್ದೇನು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಪ್ಪ ದೇವರ ಹತ್ರ ಮುಟ್ಟಿಲ್ಲ ಅಂದಂಗಾಯ್ತಲ್ರಿ" ಎಂದರು. ಆಕೆ ಗಾಬರಿಯಾದರು. "ಅಯ್ಯೋ, ಮಾವ ನನಗ ಮಗಳಂಗ ನೋಡ್ಕೊಂಡಾರ. ನಮ್ಮ ಕಡೆ ಪ್ರೀತಿ ಇದ್ದವ್ರಿಗೇ ಪೂಜಿ ಮಾಡಸ್ತಾರ್ರಿ." ವರ್ಷದ ಜಗಳದಲ್ಲಿ ಈ ಎರಡು ಮಾತು ಒಮ್ಮೆಯೂ ಬಂದಿರಲಿಲ್ಲ ನೋಡಿ.

ನಾನು ಕೊಟ್ಟ ಸಲಹೆ: ಆಕೆ ಮಾವನಿಗಾಗಿ ಪ್ರಾರ್ಥಿಸುವುದನ್ನು ಬಿಡಬೇಕಿಲ್ಲ. ಆದರೆ ಅವರ ಹೆಸರಲ್ಲಿ ಪೂಜೆ ಮಾಡಿಸುವ ಮೊದಲು ಗಂಡನಿಗೆ ಹೇಳಬೇಕು. ಆತನ ತಂದೆ ಅಲ್ವಾ? ಆತ ಬರಲೇಬೇಕೆಂಬ ಒತ್ತಾಯ ಬೇಡ. ಹಾಗೆಯೇ ಪಾಸ್ಟರ್ ಮನೆಗೆ ಬಂದು ಸ್ಮರಣೆಯ ಪ್ರಾರ್ಥನೆ ನಡೆಸುವಾಗ ಆಕೆಯನ್ನು ಅಡುಗೆಮನೆಗೆ ಕಳಿಸದೆ ಪಕ್ಕದಲ್ಲೇ ಕೂರಿಸಿಕೊಳ್ಳಬೇಕು. ಅಂದು 23ನೇ ಕೀರ್ತನೆ ಓದಲಿ, ಅದು ಎರಡೂ ಬೈಬಲಿನಲ್ಲಿದೆ. ಸಂಶಯವಿದ್ದರೆ ಫಾದರ್, ಪಾಸ್ಟರ್ ಇಬ್ಬರನ್ನೂ ಕೇಳಲಿ, ಆದರೆ ಜಗಳಕ್ಕೆ ಸಾಕ್ಷಿಯಾಗಿ ಕರೆಯಬಾರದು. ಅತ್ತೆಗೆ ತಿಳಿಹೇಳುವ ಹೊಣೆ ಮಗನದು, ಸೊಸೆಯದಲ್ಲ. ಇದನ್ನು ಒತ್ತಿ ಹೇಳಿದೆ.

ಅತ್ತೆ ಇನ್ನೂ ಒಪ್ಪಿಲ್ಲ. ಅವರನ್ನು ಒಬ್ಬರನ್ನೇ ಕರೆತರಲು ಹೇಳಿದ್ದೇನೆ. ಗಂಡನನ್ನು ಕಳೆದುಕೊಂಡವರ ಮಾತನ್ನೂ ಯಾರಾದರೂ ಕೇಳಬೇಕಲ್ಲ.